ಖಲೀಮುಲ್ಲಾ ಸಾಹೇಬರ ಗಾಡಿ

"ಇದನ್ನ ತಗೊಂಡು ಏನ್ ಮಾಡ್ತೀಯಪ್ಪ?" ಎಂದರು ಖಲೀಮುಲ್ಲಾ, ತಮ್ಮದೇ ಪಿಕಪ್ಪಿನ ಬಾನೆಟ್ಟು ಎತ್ತಿ ಹಿಡಿದು. "ಎಂಜಿನ್ ನೋಡು, ಆಯಿಲ್ ಕುಡಿಯುತ್ತೆ. ನಂಬರ್ ನೋಡು, ಇನ್ನೂ ಕೋಲಾರದ್ದೇ. ಜಿಲ್ಲೆ ಬೇರೆಯಾಗಿ ಎಷ್ಟೋ ವರ್ಷ ಆಯ್ತು, ಇದಕ್ಕೆ ಯಾರೂ ಹೇಳೇ ಇಲ್ಲ."

ಅಂಬರೀಶ್ ಎಂಜಿನ್ ಬಿಟ್ಟು ಅವರ ಮುಖ ನೋಡಿದ. ಗಾಡಿ ಮಾರುವುದಿದೆ, ಬಂದು ನೋಡು ಎಂದು ಹೇಳಿ ಕಳಿಸಿದವರು ಇವರೇ. ಅಂಬಾಜಿದುರ್ಗದ ಪಕ್ಕದ ಹಳ್ಳಿಯಿಂದ ಬಸ್ಸು ಬದಲಾಯಿಸಿಕೊಂಡು, ಹೆಂಡತಿ ತನುಜಳನ್ನೂ ಕರೆದುಕೊಂಡು ಅವನು ಶಿಡ್ಲಘಟ್ಟಕ್ಕೆ ಬಂದದ್ದು ಅದಕ್ಕೇ. ತೋಟದಿಂದ ಹುಳುಮನೆಗೆ ಹಿಪ್ಪುನೇರಳೆ ಸೊಪ್ಪಿನ ಟ್ರೈಲರ್ ಎಳೆಯಬೇಕು. ದಿನಾ ಬೆಳಿಗ್ಗೆ ತನುಜಳನ್ನು ಚಿಂತಾಮಣಿಯ ಶಾಲೆಗೆ ಬಿಡಬೇಕು. ಬೈಕಿನಿಂದ ಬಿದ್ದು ಮೊಣಕೈ ಮುರಿದುಕೊಂಡ ಮೇಲೆ ತನುಜ ಟೀಚರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು: ಈ ತಿಂಗಳೊಳಗೆ ನಾಲ್ಕು ಚಕ್ರದ ಗಾಡಿ ಬರದಿದ್ದರೆ ನಾನು ಚಿಂತಾಮಣಿಯಲ್ಲೇ ಮನೆ ಮಾಡ್ತೀನಿ, ನೀವು ನಿಮ್ಮ ಹುಳುಗಳ ಜೊತೆ ಸಂಸಾರ ಮಾಡಿ.

ಖಲೀಮುಲ್ಲಾ ರೀಲರು; ರೇಷ್ಮೆ ಗೂಡು ಕೊಂಡು ನೂಲು ತೆಗೆಯುವವರು. ಅಂಬರೀಶ್ ಗೂಡು ಬೆಳೆಯುವವನು. ಗೂಡಿನ ಮಾರುಕಟ್ಟೆಯಲ್ಲಿ ಯಾವತ್ತೂ ಅವನು ಮಾರುವವನು, ಅವರು ಕೊಳ್ಳುವವರು. ಅವನು ಮಾರಲು ಸುರಿದ ರಾಶಿಯಿಂದ, ಅಂದರೆ ಲಾಟಿನಿಂದ, ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಮೂಗು ಮುರಿದು, "ಕಲೆ ಜಾಸ್ತಿ, ನೂಲೇ ಬರಲ್ಲ" ಎಂದು ಬೈದು ಬೈದೇ ಬೆಲೆ ಇಳಿಸಿ ಎತ್ತಿಕೊಂಡು ಹೋಗುತ್ತಿದ್ದರು. ಎಷ್ಟು ಬೈದರೆ ಅಷ್ಟು ಬೇಕು ಎಂದರ್ಥ. ಬೇಡವಾದ ಲಾಟಿನ ಮುಂದೆ ಮಾತ್ರ ಅವರ ಬಾಯಿ ಸಕ್ಕರೆ. "ಬಂಗಾರದಂಥ ಗೂಡು ಕಣಪ್ಪ" ಎಂದು ಬೆನ್ನು ತಟ್ಟಿ, ತಿರುಗಿಯೂ ನೋಡದೆ ಮುಂದಿನ ಲಾಟಿಗೆ ಹೋಗಿಬಿಡುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಲಾಟು ಕೆಟ್ಟದ್ದೆಂದು ಅಂಬರೀಶನಿಗೆ ಖಾತ್ರಿಯಾಗುತ್ತಿತ್ತು.

ಹಾಗಾದರೆ ಈ ಬೈಗುಳಕ್ಕೆ ಏನರ್ಥ? ಗಾಡಿಯ ಮೇಲೆ ಇನ್ನೂ ಆಸೆಯಿದೆಯೆಂದೇ? ಆಸೆಯಿದ್ದರೆ ಮಾರುವುದು ಯಾಕೆ? ಅಥವಾ ಗಾಡಿ ನಿಜಕ್ಕೂ ಕೆಟ್ಟು ಕೂತಿದೆಯೇ? ಯಾವ ಮಾರುವವನು ಅದನ್ನು ಬಾಯಿಬಿಟ್ಟು ಹೇಳುತ್ತಾನೆ?

"ಮತ್ತೆ ಯಾಕೆ ಮಾರ್ತಿದ್ದೀರಿ ಸಾಹೇಬ್ರೇ?"

"ಫೈಜಾನ್ ಹೊಸದು ತಂದವ್ನೆ. ಮಗ ತಂದದ್ದನ್ನ ಬೀದೀಲಿ ನಿಲ್ಸಿ ಇದನ್ನ ಮನೇಲಿ ಮಲಗಿಸ್ಲಾ?"

ಎಳೆಯುತ್ತದೋ ಇಲ್ಲವೋ ನೋಡಬೇಕು ಎಂದ ಅಂಬರೀಶ್. ಸಾಹೇಬರ ನೂಲು ತೆಗೆಯುವ ಫಿಲೇಚರಿನ ಜನರೇಟರ್ ಟ್ರಾಲಿಯನ್ನು ಹಿಂದಿನ ಕೊಂಡಿಗೆ ಸಿಕ್ಕಿಸಿದರು. ಮೂವರೂ ಮುಂದೆ ಕೂತರು. ಕೆರೆ ಏರಿಯ ಕಡೆ ದಾರಿ ಏರುವಲ್ಲಿ ಗಾಡಿ ಒಂದು ಸಲ ನರಳಿತು, ಆಮೇಲೆ ಎಳೆದುಕೊಂಡು ಹತ್ತಿತು. ಹಿಂದೆ ಕರಿ ಹೊಗೆ ಎದ್ದಿತು.

"ಹೊಗೆ ನೋಡಪ್ಪ, ಇಟ್ಟಿಗೆ ಗೂಡು ಇದ್ದಂಗೆ," ಎಂದರು ಖಲೀಮುಲ್ಲಾ.

"ಡೀಸೆಲ್ ಗಾಡಿ ಅಂದ್ಮೇಲೆ ಹೊಗೆ ಇಲ್ದೆ ಇರತ್ತಾ? ಏನ್ ಎಳೀತು ನೋಡಿ, ಆನೆ ಇದ್ದಂಗೈತೆ!" ಎಂದುಬಿಟ್ಟ ಅಂಬರೀಶ್.

ತನುಜ ಅವನ ತೊಡೆ ಚಿವುಟಿದಳು. "ರೀ, ನೀವು ಯಾರ ಕಡೆ?"

ಅದೇ ಅವನಿಗೂ ತಿಳಿಯಲಿಲ್ಲ. ಈ ಮುಖದ ಎದುರು ನಿಂತಾಗಲೆಲ್ಲ ಹೊಗಳಿ ಹೊಗಳಿ ಅಭ್ಯಾಸವಾದ ನಾಲಿಗೆ, ತಾನು ಕೊಳ್ಳಲು ಬಂದಿದ್ದೇನೆ ಎಂಬುದನ್ನು ಕೇಳಲೊಲ್ಲದು. ಸಾಹೇಬರ ನಾಲಿಗೆಯೂ ಇದೇ ಜಾತಿಯದೇನೋ. ಫಿಲೇಚರಿಗೆ ವಾಪಸು ಬಂದು ಟ್ರಾಲಿ ಕಳಚಿದ ಮೇಲೆ ಬೆಲೆಯ ಮಾತು ಬಂತು.

"ಒಂದು ನಲವತ್ತು. ಈ ಡಬ್ಬಕ್ಕೆ ಅದೇ ಜಾಸ್ತಿ," ಎಂದರು ಖಲೀಮುಲ್ಲಾ, ಮೂಗು ಮುರಿದು.

"ಏನ್ ಸಾಹೇಬ್ರೇ ಹಂಗಂತೀರ? ಇಂಥ ಮಾಲು ಒಂದೂವರೆ ಲಕ್ಷಕ್ಕೆ ಕಮ್ಮಿ ಎಲ್ಲಿ ಸಿಗತ್ತೆ?"

ಹೇಳಿದ ಮೇಲೆ ಅಂಬರೀಶನ ಬಾಯಿ ತೆರೆದೇ ಉಳಿಯಿತು. ಖಲೀಮುಲ್ಲಾ ಅವನನ್ನು ನೋಡಿದರು, ಅವನು ಖಲೀಮುಲ್ಲಾರನ್ನು ನೋಡಿದ. ಯಾರೋ ಇಬ್ಬರ ಚಪ್ಪಲಿ ಅದಲು ಬದಲು ಮಾಡಿ ಹೋದಂತಿತ್ತು.

"ಅರೆ, ಒಂದೂವರೆ ಆಗಲ್ಲ," ಎಂದರು ಅವರು ಕೊನೆಗೆ, ತಲೆ ಕೆರೆದುಕೊಂಡು. "ನಲವತ್ತೈದು. ಅದ್ರ ಮೇಲೆ ಒಂದು ಪೈಸೆ ಬಿಚ್ಚಲ್ಲ."

"ನಲವತ್ತು ಅಂತ ನೀವೇ ಹೇಳಿದ್ದು!" ತನುಜ ಪಾಠ ಒಪ್ಪಿಸದ ಹುಡುಗನನ್ನು ಹಿಡಿದಂತೆ ಹಿಡಿದಳು. "ಮಾತು ಅಂದ್ರೆ ಮಾತು. ನಲವತ್ತು."

"ಆಯ್ತು ತಾಯಿ," ಎಂದರು ಖಲೀಮುಲ್ಲಾ, ಸೋತವರಂತೆಯೂ ಬಿಡುಗಡೆಯಾದವರಂತೆಯೂ. ಒಳಗಿನಿಂದ ಸಾಹೇಬರ ಹೆಂಡತಿ ಶಹಜಾದಿ ಚಹಾ ಕಳಿಸಿದರು. ದುಡ್ಡು ಕೈ ಬದಲಾಯಿತು. ಬೀಗದ ಕೈ ಕೊಡುವಾಗಲೂ ಸಾಹೇಬರು ಹಾರನ್ನಿಗೆ ಗಂಟಲು ನೋವು, ಎಡಗಡೆ ಬಾಗಿಲಿಗೆ ಮುಪ್ಪು ಎಂದು ಬೈಯುತ್ತಲೇ ಇದ್ದರು. ಆ ಬೈಗುಳ ಕೇಳುತ್ತ ಕೇಳುತ್ತ ಅಂಬರೀಶನಿಗೆ ಹೇಗೋ ಧೈರ್ಯ ಬಂತು. ಬೈಯುತ್ತಿದ್ದಾರೆ, ಅಂದಮೇಲೆ ಇದು ಬಿಡಲಾರದ ಮಾಲು. ಅವನು ಸ್ಟೀರಿಂಗ್ ಹಿಡಿದು ಕೂತ. ತನುಜ ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ಗಾಡಿ ಸ್ಟಾರ್ಟ್ ಆಯಿತು.

ಆಗ ಖಲೀಮುಲ್ಲಾ ಕಿಟಕಿಯ ಹತ್ತಿರ ಬಂದರು. ಒಳಗೆ ಕೈ ಚಾಚಿ ಅವನ ಬೆನ್ನು ತಟ್ಟಿದರು.

"ಬಂಗಾರದಂಥ ಗಾಡಿ ಕಣಪ್ಪ," ಎಂದರು.

"ನೋಡಿದ್ರಾ? ಕೊನೆಗೂ ಅವ್ರ ಬಾಯಲ್ಲಿ ಒಂದು ಒಳ್ಳೆ ಮಾತು ಬಂತು!" ತನುಜ ನಕ್ಕಳು.

ಅಂಬರೀಶನ ಕಾಲು ಕ್ಲಚ್ಚಿನ ಮೇಲೆಯೇ ಮರಗಟ್ಟಿತು. ಕನ್ನಡಿಯಲ್ಲಿ ನೋಡಿದ. ಸಾಹೇಬರು ಆಗಲೇ ಬೆನ್ನು ತಿರುಗಿಸಿ, ಮುಂದಿನ ಲಾಟಿಗೆ ಹೋಗುವವರ ಹಾಗೆ, ತಿರುಗಿಯೂ ನೋಡದೆ ನಡೆದಿದ್ದರು.