ಇನ್ನೊಂದು ಫೋಟೋ

ಫೋಟೋ ಕವರಿನ ಮೇಲೆ ಬರೆಯಲು ಹೆಸರು ಕೇಳಿದರೆ, ಆ ಮನುಷ್ಯ ತನ್ನ ಸ್ವಂತ ಅಕ್ಕನ ಮಗಳೆಂದು ಕರೆತಂದಿದ್ದವಳ ಹೆಸರನ್ನು ಜೇಬಿನ ಚೀಟಿ ನೋಡಿ ಓದಿದ. ಸ್ಟುಡಿಯೋದವಳು ಪೆನ್ನು ನಿಲ್ಲಿಸಿ ತಲೆ ಎತ್ತಿದಳು. ಸ್ಟೂಲಿನ ಮೇಲೆ ಕೂತ ಹುಡುಗಿಗೆ ಹನ್ನೆರಡು ತುಂಬಿದ್ದರೆ ಹೆಚ್ಚು. “ಹದಿನೆಂಟಾಗಿದೆ. ಬೇಗ ತೆಗೀರಿ, ಬಸ್ಸಿಗೆ ಹೊತ್ತಾಯ್ತು,” ಎಂದ.

ಮಕ್ಕಳನ್ನು ಸಾಗಿಸುವ ಸುದ್ದಿ ಬಂದಾಗಲೆಲ್ಲ ಟಿವಿ ಮುಂದೆ ಕಣ್ಣೀರು ಹಾಕಿ, ಆ ಪಾಪಿಗಳಿಗೆ ಹಿಡಿಶಾಪ ಹಾಕಿ, ಚಾನೆಲ್ ಬದಲಿಸುವುದು ಅವಳ ರೂಢಿ. ಈಗ ಕೈಯಲ್ಲಿದ್ದದ್ದು ರಿಮೋಟ್ ಅಲ್ಲ, ಕ್ಯಾಮೆರಾ. ಬ್ಯಾಟರಿ ತರುವ ನೆಪದಲ್ಲಿ ಪರದೆಯ ಹಿಂದೆ ಹೋಗಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು. “ಪೊಲೀಸರನ್ನ ಕಳಿಸ್ತೀವಿ. ಹತ್ತು ನಿಮಿಷ ಹೇಗಾದ್ರೂ ತಡೆದಿಟ್ಕೊಳ್ಳಿ,” ಎಂದಿತು ಆ ಕಡೆಯ ದನಿ.

ಕ್ಲಿಕ್. “ಅಯ್ಯೋ, ಕಣ್ಣು ಮುಚ್ಚಿಬಿಟ್ಯಲ್ಲೇ ಪುಟ್ಟಿ! ಇನ್ನೊಂದು ತೆಗೀತೀನಿ.” ಹುಡುಗಿ ರೆಪ್ಪೆ ಕೂಡ ಮಿಟುಕಿಸಿರಲಿಲ್ಲ. ಮತ್ತೆ ಕ್ಲಿಕ್, ಮತ್ತೆ ಅದೇ ಮಾತು. ಮೂರನೆಯ ಸಲಕ್ಕೆ ಅವನು ರೇಗಿ ಕ್ಯಾಮೆರಾ ಹತ್ತಿರವೇ ಬಂದು ನಿಂತ. “ಅದೇನು ಮುಚ್ಚಿದಾಳೋ, ಎಲ್ಲಿ, ನನಗೂ ತೋರಿಸ್ರೀ!”

“ಇದೊಂದು ತೆಗೆದು ತೋರಿಸ್ತೀನಿ ತಾಳಿ.” ಹುಡುಗಿ ಬಟನ್ ಮೇಲಿದ್ದ ಅವಳ ಬೆರಳನ್ನೇ ನೋಡುತ್ತಿದ್ದಳು. ಕ್ಲಿಕ್. ಸ್ಟುಡಿಯೋದವಳು ಕ್ಯಾಮೆರಾವನ್ನು ಅವನತ್ತ ತಿರುಗಿಸಿದಳು. ಫೋಟೋದಲ್ಲಿ ಹುಡುಗಿಯ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು.