ಒಣಗಿದ ಹುರುಪೆ

ಅಕ್ಕ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಳು. ಅಂಗಡಿಯ ಮೇಜಿನ ಮೇಲಿದ್ದ ಚಿಕ್ಕ ಪಂಪು ನೀರಿನ ದಾರಿ ಕಟ್ಟಿದೊಡನೆ ತಾನಾಗಿಯೇ ಗಪ್ಪನೆ ನಿಂತಿತು. ಬೆರಳು ತೆಗೆದೊಡನೆ ಮತ್ತೆ ಗುರ್ ಎಂದಿತು.

“ಇದು ಆಟದ ಸಾಮಾನು ಕಣಕ್ಕಾ. ದೋಣಿ ತೊಳೆಯೋಕೆ ಸಾಲಲ್ಲ,” ಎನ್ನುತ್ತ ತಮ್ಮ ಪಕ್ಕದ ದೊಡ್ಡ ಪಂಪನ್ನು ತಬ್ಬಿದಂತೆ ಹಿಡಿದುಕೊಂಡ. ಹಳೆಯ ಪಂಪು ಕೈಕೊಟ್ಟ ದಿನ ತೊಳೆಯದ ದೋಣಿಯಲ್ಲಿ ಮೀನಿನ ಲೋಳೆಯ ಮೇಲೆ ಜಾರಿ ಬಿದ್ದಿದ್ದ. ಎಡಗೈ ಇನ್ನೂ ಪಟ್ಟಿಯಲ್ಲಿತ್ತು.

“ದೋಣಿ ಓಡಿಸೋನು ನೀನು. ತೊಳೆಯೋಳು ನಾನು,” ಎಂದು ಅಕ್ಕ ಚೀಲದಿಂದ ಒಂದು ಹಲಗೆಯ ತುಂಡು ತೆಗೆದಳು. ಮೂರು ದಿನ ಬಿಸಿಲಲ್ಲಿಟ್ಟು ಒಣಗಿಸಿದ ಮೀನಿನ ಹುರುಪೆಗಳು ಅದಕ್ಕೆ ಕಚ್ಚಿಕೊಂಡಿದ್ದವು. ಅಂಗಡಿಯವನು ಮೂಗು ಮುಚ್ಚಿಕೊಂಡ. ಅಕ್ಕ ಮೊದಲು ದೊಡ್ಡ ಪಂಪಿನ ಪೈಪನ್ನು ಹಲಗೆಗೆ ಹಿಡಿದಳು; ಅದು ಧಾರಾಳವಾಗಿ ನೀರು ಸುರಿಯಿತು. ಹುರುಪೆಗಳು ಸ್ನಾನ ಮಾಡಿ ಅಲ್ಲೇ ಹೊಳೆಯುತ್ತ ಕೂತವು. ಅಕ್ಕ ಚಿಕ್ಕದರ ಪೈಪು ಎತ್ತಿಕೊಂಡಳು. ನೀರು ಚಾಟಿಯಂತೆ ಬೀಸಿತು. ಒಂದು ಹುರುಪೆ ಚಟ್ಟನೆ ಹಾರಿ ಅಂಗಡಿಯವನ ಕನ್ನಡಕಕ್ಕೆ ಅಂಟಿತು.

ಅಂಗಡಿಯವನು ಒಂದೇ ಕಣ್ಣಲ್ಲಿ ಇಬ್ಬರನ್ನೂ ನೋಡಿದ. ತಮ್ಮ ಮೆಲ್ಲಗೆ ದೊಡ್ಡ ಪಂಪು ಬಿಟ್ಟು, ಸರಿಯಿದ್ದ ಕೈಯನ್ನು ಪೈಪಿನತ್ತ ಚಾಚಿದ.

“ಅಕ್ಕಾ, ಎಲ್ಲಾ ನೀನೇ ಹೊಡೀಬೇಡ. ಉಳಿದ ಹುರುಪೆ ನಂಗೆ ಬಿಡು.”