ಐವತ್ತೆರಡನೆಯ ತುಂಡು

ಬೆಂಕಿಪೊಟ್ಟಣದಷ್ಟೇ ಇರುವ ಒಂದು ಸೋಪಿನ ತುಂಡಿನಲ್ಲಿ ನಾನು ಐದು ತಿಂಗಳಿಂದ ಬಟ್ಟೆ ಒಗೆಯುತ್ತಿದ್ದೇನೆ. ನನ್ನವೇನು ಗುಮಾಸ್ತರ ಬಟ್ಟೆಗಳಲ್ಲ, ಗೋಡೆಗೆ ಬಣ್ಣ ಬಳಿಯುವ ಪೇಂಟರನವು. ಒಂದು ಅಂಗಿ ಹಿಂಡಿದರೆ ಎರಡು ಕೋಣೆಗಾಗುವಷ್ಟು ಬಣ್ಣ ಇಳಿಯುತ್ತದೆ. ಆದರೂ ಆ ತುಂಡು ಎಳ್ಳಷ್ಟೂ ಸವೆದಿಲ್ಲ. ಸೋಪು ಮಾಡುವವರ ಕಿವಿಗೆ ಬಿದ್ದರೆ ಕಾರ್ಖಾನೆಗೆ ಬೀಗ ಜಡಿದು ಅಳುತ್ತಾರೆಂದು ಇದನ್ನು ಗುಟ್ಟಾಗಿಟ್ಟಿದ್ದೆ. ಗುಟ್ಟೆಂದರೆ, ನಮ್ಮ ಕಟ್ಟಡದ ಮೂರು ಮಹಡಿಯವರಿಗೆ ಮಾತ್ರ ಹೇಳಿದ್ದೆ.

ಕೆಳಮನೆಯ ಅಕ್ಕನಿಗೆ ಇದನ್ನು ತಡೆಯಲಾಗಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವರು. ಸೋಪಿನ ಪುಡಿಯನ್ನು ಚಮಚದಲ್ಲಿ ಅಳೆದು ಹಾಕಿ, ಬಟ್ಟೆ ಜಾಲಿಸಿದ ನೀರಿನಲ್ಲೇ ಮೆಟ್ಟಿಲು ತೊಳೆಯುವವರು. ಉಳಿತಾಯದಲ್ಲಿ ತಮ್ಮನ್ನು ಮೀರಿಸಿದವನೊಬ್ಬ ತಮ್ಮ ತಲೆಯ ಮೇಲೇ ವಾಸವಾಗಿದ್ದಾನೆಂದರೆ ಅವರಿಗೆ ನಿದ್ದೆ ಬಂದೀತೆ? ಭಾನುವಾರ ಬೆಳಿಗ್ಗೆ ಒಂದು ಬಕೆಟ್ಟಿನ ತುಂಬ ನೀರು, ಹೆಗಲ ಮೇಲೊಂದು ಜಿಡ್ಡು ಅಂಗಿ ಹೊತ್ತು ಮೇಲೆ ಬಂದೇಬಿಟ್ಟರು.

"ಏನಪ್ಪಾ ಬುರುಡೆರಾಯ, ಎಲ್ಲಿ ನಿನ್ನ ಪವಾಡದ ಸೋಪು? ಇದು ನಮ್ಮೆಜಮಾನ್ರ ಅಂಗಿ. ಗ್ಯಾರೇಜಿನ ಎಣ್ಣೆ ಮೆತ್ತಿದೆ. ನನ್ನೆದುರಿಗೆ ಒಗೆದು ತೋರಿಸು."

"ಇವತ್ತು ಮೋಡ ಅಕ್ಕಾ, ಒಣಗಲ್ಲ."

"ಬಿಸಿಲು ಕಣ್ಣು ಕುಕ್ತಿದೆ."

"ಕೈ ಬೇರೆ ಉಳುಕಿದೆ."

"ಬಾಯಿ ಉಳುಕಿಲ್ವಲ್ಲ, ಸರಿ ಸರಿ ಪಕ್ಕಕ್ಕೆ."

ನನ್ನನ್ನು ದಾಟಿಕೊಂಡು ಬಚ್ಚಲಿಗೆ ಹೋದವರೇ ಗೂಡಿನಲ್ಲಿದ್ದ ತುಂಡನ್ನು ಎತ್ತಿಕೊಂಡು, ಕನ್ನಡಕ ಏರಿಸಿ, ತಪ್ಪು ಉತ್ತರ ಬರೆದ ಹಾಳೆಯನ್ನು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. "ಕತ್ತರಿಸಿದ ದಾರದ ಗೆರೆ ಹಾಗೇ ಇದೆ. ಮೇಲೆ ಧೂಳು ಬೇರೆ. ಇದು ನೀರಿನ ಮುಖ ಕಂಡಿದ್ಯೇನೋ?" ಎನ್ನುತ್ತಾ ನನ್ನ ಅಂಗಿಯ ಕಾಲರ್ ಹಿಡಿದು ಒಳಮಗ್ಗುಲು ಹೊರಗೆಳೆದರು. ಅಲ್ಲಿತ್ತು, ಹಿಂದಿನ ಬೀದಿಯ ಲಾಂಡ್ರಿಯವನು ಕಪ್ಪು ಮಸಿಯಲ್ಲಿ ಬರೆದ ಗುರುತು.

"ಲಾಂಡ್ರಿಗೆ ಹಾಕ್ತೀಯಾ! ಒಂದು ಅಂಗಿಗೆ ಅವನು ಕಿತ್ಕೊಳ್ಳೋ ದುಡ್ಡಲ್ಲಿ ನಾನು ಇಡೀ ಮನೆ ಬಟ್ಟೆ ಒಗೀತೀನಿ. ಇರು, ನಿನ್ನ ಪವಾಡ ನಾನೇ ನೋಡ್ತೀನಿ." ತುಂಡು ಹಿಡಿದ ಕೈ ಬಕೆಟ್ಟಿನತ್ತ ಇಳಿಯಿತು.

"ಬೇಡ!" ಎಂದು ನಾನು ಕೂಗಿದ ರಭಸಕ್ಕೆ ಎದುರು ಕಟ್ಟಡದ ಕಿಟಕಿ ಗಾಜುಗಳು ಪುಡಿಪುಡಿಯಾದವು. ಇಲ್ಲ, ಗಾಜಿಗೇನೂ ಆಗಲಿಲ್ಲ. ಅಕ್ಕನ ಕೈ ಮಾತ್ರ ನೀರಿನಿಂದ ಒಂದು ಗೇಣು ಮೇಲೆ ನಿಂತಿತು.

ನನ್ನವಳು ನರ್ಸು. ಒಂದು ವರ್ಷದ ಮಟ್ಟಿಗೆಂದು ಸಮುದ್ರದಾಚೆಯ ಆಸ್ಪತ್ರೆಗೆ ಹೋದಳು. ಹೋಗುವ ಹಿಂದಿನ ದಿನ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ಉದ್ದನೆಯ ಸೋಪುಗಳನ್ನು ಹೊಲಿಗೆ ದಾರದಲ್ಲಿ ಕತ್ತರಿಸಿ, ಐವತ್ತೆರಡು ತುಂಡು ಮಾಡಿ ಹಾಳೆಯ ಮೇಲೆ ಒಣಗಲು ಹರವಿದಳು. "ಒಣಗಿದ್ರೆ ಬೇಗ ಕರಗಲ್ಲ. ವಾರಕ್ಕೊಂದೇ ಅಂದ್ರೆ ಒಂದೇ ಕಣ್ರೀ. ಕೊನೇದು ಕರಗೋ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತಿರ್ತೀನಿ" ಅಂದಿದ್ದಳು. ಐವತ್ತೊಂದು ತುಂಡು ಅವಳು ಹೇಳಿದಂತೆಯೇ ಕರಗಿದವು. ಅಷ್ಟರಲ್ಲಿ ಅವಳ ಫೋನು: ಇನ್ನು ಮೂರು ತಿಂಗಳು ಇರು ಅಂತಿದ್ದಾರೆ. ಆಮೇಲೆ, ಇನ್ನೂ ಮೂರು.

ಇದನ್ನೆಲ್ಲ ಅಕ್ಕನಿಗೆ ಹೇಳುವಾಗ ನಾನು ಒಂದು ಮಾತನ್ನೂ ದೊಡ್ಡದು ಮಾಡಲಿಲ್ಲ. "ಆ ತುಂಡು ಇರೋವರೆಗೆ ಅವಳು ತಡ ಮಾಡಿದ ಹಾಗಾಗಲ್ಲ ಅಲ್ವಾ ಅಕ್ಕಾ?" ಅಂದೆ.

ಅಕ್ಕ ಅಂಗೈಯಲ್ಲಿದ್ದ ತುಂಡನ್ನೇ ನೋಡುತ್ತಿದ್ದರು. "ಅವಳು ಇದರ ಬಗ್ಗೆ ಕೇಳೇ ಇಲ್ವಾ?"

"ಪ್ರತಿ ಭಾನುವಾರ ಫೋನ್ ಎತ್ತಿದ ಕೂಡಲೇ ಅದೇ. 'ಸೋಪು ಮುಗೀತೇನ್ರೀ?' ಅಂತಾಳೆ."

"ನೀನೇನಂತೀಯ?"

"'ನಿನ್ನ ಗಂಡ ಅಂದ್ರೆ ಏನಂದ್ಕೊಂಡೆ? ಇನ್ನೂ ಒಂದು ವರ್ಷ ಬರುತ್ತೆ!' ಅಂತೀನಿ. ಅವಳಿಗೆ ಬೇಜಾರಾಗಬಾರ್ದಲ್ಲ."

ಅಕ್ಕ ಕನ್ನಡಕ ತೆಗೆದರು. "ಲೋ ದಡ್ಡ, ಅವಳು ಕೇಳ್ತಿರೋದು ಸೋಪನ್ನಾ?"

ತುಂಡನ್ನು ನನ್ನ ಅಂಗೈಗಿಟ್ಟು, ಬೆರಳು ಮಡಚಿಸಿ, ಜಿಡ್ಡು ಅಂಗಿಯನ್ನೂ ಬಕೆಟ್ಟನ್ನೂ ಎತ್ತಿಕೊಂಡು ಕೆಳಗಿಳಿದು ಹೋದರು. ಅವರ ಬಕೆಟ್ಟಿನಿಂದ ತುಳುಕಿದ ನೀರು ಮೆಟ್ಟಿಲ ಮೇಲೆ ಇನ್ನೂ ಆರಿರಲಿಲ್ಲ, ಫೋನ್ ಹೊಡೆದುಕೊಂಡಿತು.

"ಸೋಪು ಮುಗೀತೇನ್ರೀ?"

ಕೇಳಿ, ಎಂದಿನಂತೆ ಸುಮ್ಮನಾದಳು. ಐದು ತಿಂಗಳಿಂದ ಪ್ರತಿ ಸಲವೂ ಈ ಸುಮ್ಮನಿರುವ ಜಾಗವನ್ನು ನಾನೇ ಬಡಾಯಿ ಕೊಚ್ಚಿ ತುಂಬಿಸಿಬಿಟ್ಟಿದ್ದೆ. ಇವತ್ತು ಹಾಗೇ ಬಿಟ್ಟೆ. ಅವಳ ಉಸಿರು ಕೇಳಿಸಿತು. ನನ್ನ ಬಿಗಿಮುಷ್ಟಿಯ ಬೆವರಿಗೆ ಸೋಪು ಜಾರತೊಡಗಿತ್ತು.

"ಒಂದೇ ಒಂದು ಉಳಿದಿದೆ ಕಣೇ," ಅಂದೆ. "ಒದ್ದೆ ಮಾಡೋಕೆ ಧೈರ್ಯ ಬರ್ತಿಲ್ಲ."